ಫಹಾಹೀಲಿನಲ್ಲಿ ಒಂದು ಮಲಿದಾ

ಅವ್ವ ಫೋನಿನಲ್ಲಿ ಹರಕೆಯ ವಿಷಯ ಎತ್ತಿದಾಗ ನನಗೆ ಮೊದಲು ಬಂದದ್ದು ಸಿಟ್ಟು, ಅದರ ಬೆನ್ನಿಗೇ ಹೆದರಿಕೆ. ಉಪಕಾರ ನೆನೆಯುವ ಬುದ್ಧಿ ಬಹಳ ತಡವಾಗಿ ಬಂತು. ಹಿಂದಿನ ವರ್ಷ ನನ್ನ ಮಗಳಿಗೆ ಮೆದುಳು ಜ್ವರ ಬಂದು, ಇಲ್ಲಿ ಕುವೈತಿನ ಆಸ್ಪತ್ರೆಯಲ್ಲಿ ಉಸಿರಾಟದ ಯಂತ್ರ ಹಾಕಿ ಮಲಗಿಸಿದ್ದರು. ಆಗ ಅವ್ವ ಹುಬ್ಬಳ್ಳಿಯಲ್ಲಿ ಕೂತು ಹರಕೆ ಹೊತ್ತಿದ್ದಳಂತೆ: ಹುಡುಗಿ ಎದ್ದು ಕೂತರೆ ಅವಳಿರುವ ಮನೆಗೇ ಬಂದು ಅವಳ ಕೈಗೇ ಮಲಿದಾದ ತಟ್ಟೆ ಕೊಡುತ್ತೇನೆ ಎಂದು. ಹುಡುಗಿ ಎದ್ದು ಕೂತಳು, ಓಡಾಡಿದಳು, ಶಾಲೆಗೂ ಹೋಗತೊಡಗಿದಳು. ಈಗ ಅವ್ವ ಕುವೈತಿಗೆ ಬರುತ್ತೇನೆ ಎಂದು ಪಟ್ಟು ಹಿಡಿದಿದ್ದಳು.

ರಜೆಗೆ ನಾವೇ ಹುಬ್ಬಳ್ಳಿಗೆ ಬರುತ್ತೇವೆ, ಅಲ್ಲೇ ಮಾಡಿದರಾಯಿತು ಎಂದು ನಾನು ಗೋಗರೆದೆ. ಬೇಕಾದರೆ ಮುಂಬಯಿಗೆ ಹೋಗಿ ನಮ್ಮವರ ನಡುವೆ ಜೋರಾಗಿ ಮಾಡೋಣ ಎಂದೆ. ಅವ್ವ ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಹೇಳಿದಳು.

"ಹರಕಿ ಹೊತ್ತಾಗ ನಾ ಅಕಿ ಇದ್ದ ಮನಿ ಅಂತ ಅಂದೀನಿ. ದೇವರ ಮುಂದ ಮಾತ್ ತಿರುಗಸ್ಲೇನು?"

ಮಲಿದಾ ಎಂದರೆ ಏನೆಂದು ಹೇಳಬೇಕಾದರೆ ನಾವು ಯಾರೆಂದು ಹೇಳಬೇಕಾಗುತ್ತದೆ. ಅದನ್ನು ನಾನು ಬಾಯಿಬಿಟ್ಟು ಹೇಳಿ ಎಷ್ಟೋ ಕಾಲವಾಗಿದೆ. ನಾವು ಯೆಹೂದಿಗಳು. ಕೊಂಕಣದ ಕರಾವಳಿಯ ಹಳ್ಳಿಗಳಲ್ಲಿ ಎಣ್ಣೆಯ ಗಾಣ ಆಡಿಸುತ್ತಿದ್ದ, ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದ ಜನ. ಊರವರು ನಮ್ಮನ್ನು ಶನಿವಾರದ ಗಾಣಿಗರು ಎಂದು ಕರೆಯುತ್ತಿದ್ದರಂತೆ. ನನ್ನ ಅಜ್ಜ ರೈಲ್ವೆಯ ಕೆಲಸ ಹಿಡಿದು ಹುಬ್ಬಳ್ಳಿಗೆ ಬಂದ. ಅಪ್ಪನೂ ಅಲ್ಲಿಯ ರೈಲ್ವೆ ವರ್ಕ್‌ಶಾಪಿನಲ್ಲೇ ಫಿಟ್ಟರ್ ಆಗಿದ್ದ. ಮೊದಮೊದಲು ಮನೆಯೊಳಗೆ ಮರಾಠಿ, ಬೀದಿಯಲ್ಲಿ ಕನ್ನಡ. ನಾನು ಹುಟ್ಟುವ ಹೊತ್ತಿಗೆ ಕನ್ನಡ ಹೊಸಿಲು ದಾಟಿ ಒಳಗೇ ಬಂದು ಕೂತಿತ್ತು. ಊರಲ್ಲಿ ನಮ್ಮವರ ಮನೆಗಳು ಬೆರಳೆಣಿಕೆಯಷ್ಟೇ. ಪ್ರಾರ್ಥನೆಗೆ ಒಂದು ಮಂದಿರವೂ ಇರಲಿಲ್ಲ.

ಮಂದಿರವಿಲ್ಲದ ನಮಗೆ ಮಲಿದಾವೇ ಎಲ್ಲ. ಮಗು ಹುಟ್ಟಿದರೆ, ನೌಕರಿ ಸಿಕ್ಕರೆ, ಜ್ವರ ಬಿಟ್ಟರೆ, ಹೋದವರು ಸುಖವಾಗಿ ತಿರುಗಿ ಬಂದರೆ ಮಲಿದಾ. ಅವಲಕ್ಕಿಯನ್ನು ತೊಳೆದು ನೆನೆಸಿ, ಅದಕ್ಕೆ ತೆಂಗಿನಕಾಯಿಯ ತುರಿ, ಸಕ್ಕರೆ, ಏಲಕ್ಕಿ, ದ್ರಾಕ್ಷಿ, ಗೋಡಂಬಿ ಕಲಸಿ, ದೊಡ್ಡ ತಟ್ಟೆಯಲ್ಲಿ ಗುಡ್ಡೆ ಹಾಕುತ್ತಾರೆ. ಸುತ್ತಲೂ ಹಣ್ಣುಗಳು, ಮೇಲೊಂದು ಕಾಮಕಸ್ತೂರಿಯ ಕುಡಿ. ರಥವೇರಿ ಆಕಾಶಕ್ಕೆ ಹೋದ ನಮ್ಮ ಪ್ರವಾದಿಯನ್ನು ನೆನೆದು ಹಾಡುತ್ತಾರೆ. ಹಣ್ಣಿಗೊಂದು, ಮಣ್ಣಿನಲ್ಲಿ ಬೆಳೆದದ್ದಕ್ಕೊಂದು, ಸುವಾಸನೆಗೊಂದು ಹೀಗೆ ಆಶೀರ್ವಾದದ ಮಾತುಗಳನ್ನು ಹೀಬ್ರೂವಿನಲ್ಲಿ ಹೇಳಿ, ಆಮೇಲೆ ಎಲ್ಲರಿಗೂ ಹಂಚುತ್ತಾರೆ. ಕಷ್ಟದಲ್ಲಿ ಜೊತೆಗೆ ನಿಂತವರಿಗೆ ಮೊದಲ ತಟ್ಟೆ. ಅವರು ತಿಂದ ಮೇಲೆ ಮನೆಯವರು ತಿನ್ನಬೇಕು. ಅವರು ಯಾವ ಜಾತಿ, ಯಾವ ದೇವರು ಎಂದು ಕೇಳುವ ಹಾಗಿಲ್ಲ.

ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಅದೇನೂ ತೊಡಕಿನ ಮಾತಾಗಿರಲಿಲ್ಲ. ಅಕ್ಕಪಕ್ಕದ ಲಿಂಗಾಯತರು, ಮುಸಲ್ಮಾನರು, ಕ್ರೈಸ್ತರು ಎಲ್ಲರೂ ಬಂದು ತಿಂದು ಹೋಗುತ್ತಿದ್ದರು. ನಾವು ಯಾವ ಪಂಗಡ ಎಂದು ಅವರಿಗೆ ಸರಿಯಾಗಿ ಗೊತ್ತಿತ್ತೋ ಇಲ್ಲವೋ, ಅವಲಕ್ಕಿ ಚೆನ್ನಾಗಿದೆ ಎಂಬುದು ಗೊತ್ತಿತ್ತು. ಅವ್ವ ಇವತ್ತಿಗೂ ಜಗತ್ತು ಆ ಕ್ವಾರ್ಟರ್ಸಿನ ಹಾಗೇ ಇದೆ ಎಂದುಕೊಂಡಿದ್ದಾಳೆ.

ನಾನು ಹಾಗೆ ಅಂದುಕೊಳ್ಳಲು ಸಾಧ್ಯವಿರಲಿಲ್ಲ. ನನ್ನ ಗಂಡ ಧಾರವಾಡದ ಕಡೆಯವರು, ಲಿಂಗಾಯತರು, ಶುಐಬಾದ ಒಂದು ಪೆಟ್ರೋಕೆಮಿಕಲ್ ಪ್ಲಾಂಟಿನಲ್ಲಿ ಎಂಜಿನಿಯರ್. ಅವರ ಅಡ್ಡಹೆಸರು ನನಗೆ ಹೊದಿಕೆಯಾಯಿತು. ಹಣೆಗೆ ಬೊಟ್ಟಿಟ್ಟುಕೊಂಡು, ನಾನು ಕೆಲಸ ಮಾಡುವ ಹಲ್ಲಿನ ಕ್ಲಿನಿಕ್ಕಿನ ಮೇಜಿನ ಹಿಂದೆ ಕೂತರೆ, ಎಲ್ಲರ ಕಣ್ಣಿಗೂ ನಾನೊಬ್ಬ ಹಿಂದೂ ಹೆಂಗಸು. ಇಷ್ಟು ವರ್ಷಗಳಲ್ಲಿ ಇಲ್ಲಿ ಯಾರೂ ನನಗೊಂದು ಕೆಟ್ಟ ಮಾತು ಆಡಿಲ್ಲ. ಯಾರಿಗೂ ಗೊತ್ತಿಲ್ಲ, ಅದಕ್ಕೇ ಆಡಿಲ್ಲ ಎಂದು ನನ್ನೊಳಗಿನ ಹೆದರಿಕೆ ತಕ್ಷಣ ಉತ್ತರ ಕೊಡುತ್ತದೆ.

ಅದಕ್ಕೆ ತಕ್ಕ ಕಾರಣವೂ ಇದೆ. ನನ್ನ ತಮ್ಮ ಎಳೆ ವಯಸ್ಸಿನಲ್ಲೇ ನಮ್ಮವರ ಜೊತೆ ಅಲ್ಲಿಗೆ ಹೋಗಿ ನೆಲೆಸಿದ. ಆ ದೇಶದ ಹೆಸರನ್ನು ನಾನು ಕುವೈತಿಗೆ ಬಂದಮೇಲೆ ಫೋನಿನಲ್ಲಿ ಒಮ್ಮೆಯೂ ಉಚ್ಚರಿಸಿಲ್ಲ. ಮನೆಯಲ್ಲೂ 'ಅಲ್ಲಿ' ಎಂದೇ ಅನ್ನುತ್ತೇವೆ. ಇಲ್ಲಿರುವವರು ಅಲ್ಲಿಯವರೊಂದಿಗೆ ಸಂಪರ್ಕ ಇಟ್ಟುಕೊಳ್ಳಬಾರದು ಎಂಬುದು ಇಲ್ಲಿಯ ಕಾನೂನು. ಹಾಗಾಗಿ ಒಡಹುಟ್ಟಿದವನ ಸುದ್ದಿ ನನಗೆ ಹುಬ್ಬಳ್ಳಿ ಸುತ್ತಿಕೊಂಡು ಬರುತ್ತದೆ. ಅವ್ವ ಪ್ರತಿ ಗುರುವಾರ ಅವನ ಜೊತೆ ಮಾತಾಡಿ, ಮಾರನೆಯ ದಿನ ನನಗೆ "ತಮ್ಮ ಆರಾಮ ಅದಾನ" ಎಂದಷ್ಟೇ ಹೇಳುತ್ತಾಳೆ. ಅದಕ್ಕಿಂತ ಹೆಚ್ಚು ನಾನು ಕೇಳುವುದಿಲ್ಲ. ಇಕಾಮಾ ಎಂಬ ವಾಸದ ಪರವಾನಗಿ, ಗಂಡನ ನೌಕರಿ, ಮಗಳ ಶಾಲೆ ಎಲ್ಲವೂ ಒಂದು ಮಾತಿನ ಮೇಲೆ ನಿಂತಿವೆ ಅನ್ನಿಸಿದಾಗ ಬಾಯಿಗೆ ಬೀಗ ತಾನಾಗಿ ಬೀಳುತ್ತದೆ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಹೆದರಿಕೆ ಇದ್ದದ್ದು ಎದುರು ಮನೆಯವಳದ್ದು. ಅವಳು ಕೆಟ್ಟವಳಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ನಮ್ಮ ಬಾಗಿಲಿಗೆ ಎದುರು ಬಾಗಿಲು, ನಡುವೆ ಲಿಫ್ಟ್. ಗಾಜಾದಲ್ಲಿ ಹುಟ್ಟಿ ಬೆಳೆದವಳು. ಮದುವೆಯಾಗಿ ಕುವೈತಿಗೆ ಬಂದು, ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಗಂಡ ಶುವೈಖ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಾರಿನ ಬಿಡಿಭಾಗಗಳ ಅಂಗಡಿ ನೋಡಿಕೊಳ್ಳುತ್ತಾನೆ. ನನ್ನ ಮಗಳು ಆಸ್ಪತ್ರೆಯಲ್ಲಿದ್ದಾಗ ನನ್ನ ಗಂಡನ ಪ್ಲಾಂಟಿನಲ್ಲಿ ಯಂತ್ರಗಳ ದುರಸ್ತಿಯ ಶಟ್‌ಡೌನ್ ನಡೆದಿತ್ತು, ರಜೆ ಸಿಗುತ್ತಿರಲಿಲ್ಲ. ಆಗ ನನ್ನನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ ಬರುತ್ತಿದ್ದವನು ಅವಳ ಗಂಡ. ಬಿಸಿ ಬೇಳೆ ಸೂಪು ತಂದು, ಚಮಚ ಕೈಗೆ ಕೊಟ್ಟು, ನಾನು ಕುಡಿದು ಮುಗಿಸುವ ತನಕ ಎದುರಿಗೇ ಕೂತಿರುತ್ತಿದ್ದವಳು ಅವಳು. ಡಾಕ್ಟರುಗಳು ನಮ್ಮ ಕಣ್ಣು ತಪ್ಪಿಸಿ ಓಡಾಡುತ್ತಿದ್ದ ಒಂದು ಸಂಜೆ ಅವಳು ನನ್ನ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡು ಅರಬಿಯಲ್ಲಿ ಏನೋ ಓದುತ್ತಿದ್ದಳು. ನನ್ನ ಒಡಹುಟ್ಟಿದವರು ಯಾರೂ ಅಷ್ಟು ಮಾಡಿಲ್ಲ, ಮಾಡುವಂತೆಯೂ ಇರಲಿಲ್ಲ.

ಅವಳ ತಂಗಿ ಇನ್ನೂ ಗಾಜಾದಲ್ಲೇ ಇದ್ದಳು, ಮಕ್ಕಳೊಂದಿಗೆ. ಯುದ್ಧ ನಡೆಯುತ್ತಿದ್ದ ಆ ದಿನಗಳಲ್ಲಿ ಅವಳ ಮನೆಯ ಟಿವಿ ಆರುತ್ತಲೇ ಇರಲಿಲ್ಲ. ನಾನೂ ಅವಳ ಪಕ್ಕ ಕೂತು ನೋಡಿದ್ದೇನೆ, ಆ ಮಕ್ಕಳನ್ನು ನೋಡಿ ಅತ್ತಿದ್ದೇನೆ, ಅದು ನಾಟಕವಾಗಿರಲಿಲ್ಲ. ಆದರೆ ಅಳುವಾಗಲೂ ಒಂದು ಪ್ರಶ್ನೆ ನನ್ನನ್ನು ಬಿಡುತ್ತಿರಲಿಲ್ಲ. ಇವಳಿಗೆ ಗೊತ್ತಾದರೆ? ತನ್ನ ಪಕ್ಕ ಕೂತು ಅತ್ತವಳು ಯಾರ ಅಕ್ಕ ಎಂದು ಗೊತ್ತಾದರೆ, ಅವಳು ಆ ಸೂಪನ್ನು ನೆನೆದು ಏನಂದುಕೊಂಡಾಳು? ಪೊಲೀಸರಿಗಿಂತ ಆ ಮುಖ ನನ್ನ ನಿದ್ದೆ ಕೆಡಿಸುತ್ತಿತ್ತು.

ಇಂಥ ಹೊತ್ತಿನಲ್ಲಿ ಅವ್ವ ಹರಕೆ ಹಿಡಿದುಕೊಂಡು ಹೊರಟಿದ್ದಳು. ವಿಸಿಟ್ ವೀಸಾಕ್ಕೆ ಅರ್ಜಿ ತುಂಬಿಸಲು ಟೈಪಿಂಗ್ ಸೆಂಟರಿಗೆ ಹೋದಾಗ ಅಲ್ಲಿಯವನು ಧರ್ಮ ಯಾವುದೆಂದು ಕೇಳಿದ. ನನ್ನ ಗಂಡ ನನ್ನ ಕಡೆ ನೋಡಿದರು. ಕ್ರಿಶ್ಚಿಯನ್ ಎಂದು ನಾನೇ ಹೇಳಿದೆ. ಅವ್ವನ ಹೆಸರು ಬೈಬಲ್ಲಿನಲ್ಲೂ ಬರುವ ಹೆಸರು, ಅವನಿಗೆ ಅನುಮಾನ ಬರಲಿಲ್ಲ. ಸುಳ್ಳು ಹೇಳುವಾಗ ನನಗೆ ಕಿವಿ ಬಿಸಿಯಾಗುತ್ತದೆ. ಅಂದು ಕಾರಿನ ತನಕ ನಡೆದು ಬಂದರೂ ಆ ಬಿಸಿ ಆರಲಿಲ್ಲ.

ಅವ್ವನಿಗೆ ಫೋನಿನಲ್ಲಿ ಪಾಠ ಶುರುವಾಯಿತು. ಪ್ರಾರ್ಥನೆಯ ಪುಸ್ತಕ ತರಬೇಡ. ಅಪ್ಪನ ಪ್ರಾರ್ಥನೆಯ ಶಾಲು ತರಬೇಡ. ಬಾಗಿಲ ಚೌಕಟ್ಟಿಗೆ ಹೊಡೆಯುವ, ಒಳಗೆ ಹೀಬ್ರೂ ಪ್ರಾರ್ಥನೆಯ ಸುರುಳಿ ಇರುವ ಆ ಕೊಳವೆಯನ್ನು ಮುಟ್ಟಲೂ ಬೇಡ. ತಮ್ಮನ ನಂಬರು, ಫೋಟೋ, ಅವನು ಕಳಿಸಿದ ಮಾತುಗಳು ಎಲ್ಲವನ್ನೂ ಫೋನಿನಿಂದ ತೆಗೆಸಿ ಬಾ. ಯಾರಾದರೂ ಕೇಳಿದರೆ ಕ್ರಿಶ್ಚಿಯನ್ ಎನ್ನು. ಅವ್ವ ಎಲ್ಲಕ್ಕೂ ಹೂಂ ಎಂದಳು. ಕೊನೆಯದಕ್ಕೆ ಮಾತ್ರ ಎನ್ನಲಿಲ್ಲ.

"ನಾ ಸುಳ್ಳ ಹೇಳಂಗಿಲ್ಲ. ಸುಮ್ನ ಇರ್ತೀನಿ, ಬೇಕಾದ್ರ."

ವಿಮಾನ ನಿಲ್ದಾಣದಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಒಳಗೆ ಸೂಟ್‌ಕೇಸು ಬಿಚ್ಚಿಸಿರಬಹುದು, ಏನೋ ಸಿಕ್ಕಿರಬಹುದು, ಯಾವುದೋ ಕೋಣೆಯಲ್ಲಿ ಕೂರಿಸಿ ಪ್ರಶ್ನೆ ಕೇಳುತ್ತಿರಬಹುದು ಎಂದು ಕಲ್ಪಿಸಿಕೊಂಡು, ಗಂಡನ ತೋಳನ್ನು ಚಿವುಟಿ ಕೆಂಪಗೆ ಮಾಡಿದ್ದೆ. ಅವ್ವ ವೀಲ್‌ಚೇರಿನಲ್ಲಿ ಠೀವಿಯಿಂದ ಕೂತು ಬಂದಳು. ತಳ್ಳುತ್ತಿದ್ದವನ ಜೊತೆ ಹಿಂದಿಯಲ್ಲಿ ಅವನ ಹೆಂಡತಿ ಮಕ್ಕಳ ವಿಚಾರ ಮಾತಾಡುತ್ತಿದ್ದಳು. ಅವಳ ಸೂಟ್‌ಕೇಸನ್ನು ಯಾರೂ ಮುಟ್ಟಿರಲಿಲ್ಲ.

ಮನೆಗೆ ಬಂದು ಬಿಚ್ಚಿದೆ. ಪುಸ್ತಕವಿರಲಿಲ್ಲ, ಶಾಲಿರಲಿಲ್ಲ. ತೆಳು ಅವಲಕ್ಕಿ ಇತ್ತು, ಗೋಡಂಬಿ ಇತ್ತು. ಬಟ್ಟೆಯ ನಡುವೆ ಇನ್ನೊಂದು ಪೊಟ್ಟಣ. ಮೊಮ್ಮಗಳಿಗೆ ಕರ್ಚಿಕಾಯಿ ಮಾಡಿಕೊಡಲೆಂದು ತಂದ ಗಸಗಸೆ. ಗಸಗಸೆ ಇಲ್ಲಿ ಮಾದಕ ವಸ್ತುವಿನ ಲೆಕ್ಕ. ಅದನ್ನು ತಂದು ಸಿಕ್ಕಿಬಿದ್ದವರ ಕಥೆಗಳನ್ನು ಗಲ್ಫಿನಲ್ಲಿರುವ ನಮ್ಮವರೆಲ್ಲ ಕೇಳಿರುತ್ತಾರೆ. ಊರಿಂದ ಯಾರೇ ಬರಲಿ, ಮೊದಲು ಹೇಳುವ ಮಾತೇ ಗಸಗಸೆ ತರಬೇಡಿ ಎಂದು. ನಾನು ಮಾತ್ರ ಯೆಹೂದಿ ಎಂಬ ಒಂದೇ ಹೆದರಿಕೆಯಲ್ಲಿ ಮುಳುಗಿ, ಎಲ್ಲ ಹಿಂದುಸ್ತಾನಿಗಳಿಗೂ ಇರುವ ಹೆದರಿಕೆಯನ್ನು ಮರೆತುಬಿಟ್ಟಿದ್ದೆ. ಪೊಟ್ಟಣವನ್ನು ಕಮೋಡಿಗೆ ಸುರಿದು ನೀರು ಬಿಟ್ಟೆ, ಕಾಳುಗಳು ತೇಲಿ ಬಂದವು, ಮತ್ತೆ ಬಿಟ್ಟೆ. ಅವ್ವ ಬಾಗಿಲಲ್ಲಿ ನಿಂತು ಇಷ್ಟು ಒಳ್ಳೆಯ ಗಸಗಸೆಯನ್ನು ಹೀಗೆ ಮಾಡುತ್ತಾರೆಯೇ ಎಂದು ಗೊಣಗಿದಳು. ಗಂಡನಿಗೆ ನಗು ಬಂತು. ನನಗೆ ಬರಲಿಲ್ಲ.

ಅವ್ವ ಮಾತಿಗೆ ತಪ್ಪದೆ ಸುಮ್ಮನೇ ಇದ್ದಳು. ಕೆಳಗಿನ ಮಹಡಿಯ ಮಂಗಳೂರಿನ ಕ್ಯಾಥೊಲಿಕ್ ಹೆಂಗಸು, ಕ್ರಿಶ್ಚಿಯನ್ ಅಜ್ಜಿ ಬಂದಿದ್ದಾಳೆಂದು ಎಲ್ಲಿಂದಲೋ ತಿಳಿದು, ಇಲ್ಲಿ ರಜೆಯ ದಿನವಾದ ಶುಕ್ರವಾರ ಚರ್ಚಿನಲ್ಲಿ ನಡೆಯುವ ಪೂಜೆಗೆ ತಮ್ಮ ಕಾರಿನಲ್ಲಿ ಕರೆದೊಯ್ಯಲು ಬಂದರು. ಯಾವ ಇಗರ್ಜಿಯವರು ಎಂದೂ ಕೇಳಿದರು. ಅವ್ವ ಕೈ ಮುಗಿದು ನಕ್ಕಳು, ಉತ್ತರ ಕೊಡಲಿಲ್ಲ. ಕಿವಿ ಸ್ವಲ್ಪ ಮಂದ ಎಂದು ನಾನು ಸೇರಿಸಿದೆ. ಪಾಪ, ಆ ಹೆಂಗಸು ಅಂದಿನಿಂದ ಅವ್ವನನ್ನು ಕಂಡಾಗಲೆಲ್ಲ ಕಿರುಚಿ ಮಾತಾಡತೊಡಗಿದರು.

ಅವ್ವನ ಜೊತೆ ಸದಾ ಇರುತ್ತಿದ್ದವಳು ನನ್ನ ಮಗಳು. ಅವಳಿಗೆ ಅಜ್ಜಿಯ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಮ್ಮಲ್ಲಿ ಯೆಹೂದಿ ಎಂಬುದು ತಾಯಿಯ ಕಡೆಯಿಂದ ಬರುತ್ತದೆ. ಅಪ್ಪ ಯಾರೇ ಇರಲಿ, ಅವ್ವನ ಲೆಕ್ಕದಲ್ಲಿ ಈ ಹುಡುಗಿ ನಮ್ಮವಳು. ಹುಬ್ಬಳ್ಳಿಯ ಮನೆಗಳೆಲ್ಲ ಖಾಲಿಯಾದ ಮೇಲೆ ಮಲಿದಾದ ಬಗ್ಗೆ ಹೇಳಿಕೊಡಲು ಅವ್ವನಿಗೆ ಸಿಗುವ ಮಗು ಇದೊಂದೇ. ತಮ್ಮನ ಮಕ್ಕಳಿಗೆ ಅಲ್ಲಿಯ ಭಾಷೆ ಬಿಟ್ಟರೆ ಬೇರೆ ಬರುವುದಿಲ್ಲ. ಅದಕ್ಕೇ ಇರಬೇಕು, ಹರಕೆಗೆ ಅಷ್ಟು ಹಟ. ನನಗದು ಗೊತ್ತಿತ್ತು. ಗೊತ್ತಿದ್ದೂ, ಮಗಳಿಗೆ ಅಜ್ಜಿ ಏನು ಹೇಳುತ್ತಾಳೋ, ಇವಳು ಶಾಲೆಯ ಬಸ್ಸಿನಲ್ಲಿ ಏನು ಒದರುತ್ತಾಳೋ ಎಂದು ಮೈಯೆಲ್ಲ ಕಿವಿಯಾಗಿ ಓಡಾಡುತ್ತಿದ್ದೆ. ಮಾಮ ಎಲ್ಲಿದ್ದಾನೆ ಎಂಬುದು ಅವಳಿಗೆ ಗೊತ್ತು. ಯಾರಿಗೂ ಹೇಳಬಾರದು ಎಂಬುದೂ ಗೊತ್ತು. ಕೇಳಿದರೆ ಏನು ಹೇಳಬೇಕು ಎಂದು ನಾನು ಯಾವತ್ತೂ ಹೇಳಿಕೊಟ್ಟಿರಲಿಲ್ಲ.

ಒಂದು ಶನಿವಾರ ಸಂಜೆ, ಕೆಲಸ ಮಾಡಬಾರದೆಂಬ ಆ ದಿನದ ನಿರ್ಬಂಧ ಮುಗಿದ ಮೇಲೆ, ಮಲಿದಾ ಎಂದು ಅವ್ವ ನಿಶ್ಚಯಿಸಿದಳು. ಗಂಡ ನಾವಿರುವ ಫಹಾಹೀಲಿನ ಮಾರುಕಟ್ಟೆಗೆ ಹೋಗಿ ಬಾಳೆ, ಸೇಬು, ದಾಳಿಂಬೆ, ಕಿತ್ತಳೆ, ಖರ್ಜೂರ ತಂದರು. ಕಾಮಕಸ್ತೂರಿ ಇಲ್ಲಿ ಎಲ್ಲಿ ಸಿಗುತ್ತದೆ ಎಂದು ಅವ್ವ ಚಿಂತಿಸುತ್ತಿದ್ದಳು. ಅವರು ತಂದ ಚೀಲದಲ್ಲಿ ರೈಹಾನ್ ಎಂದು ಇಲ್ಲಿಯವರು ಮಾರುವ ಸೊಪ್ಪಿನ ಕಟ್ಟೊಂದಿತ್ತು. ಅವ್ವ ಮೂಸಿ ನೋಡಿ, ಇದೇ ಇದು ಎಂದು ಕಣ್ಣಿಗೊತ್ತಿಕೊಂಡಳು. ಪದ್ಧತಿಯ ಪ್ರಕಾರ ಹತ್ತು ಗಂಡಸರು ಕೂರಬೇಕು. ಇರುವವರು ಒಬ್ಬರೇ ಅಳಿಯಂದಿರು, ಅವರೂ ಲಿಂಗಾಯತರು ಎಂದು ಅವ್ವ ನಕ್ಕಳು. ಅಳಿಯಂದಿರು ಕರ್ಚೀಫನ್ನು ತಲೆಗೆ ಕಟ್ಟಿಕೊಂಡು ಹತ್ತೂ ಜನರ ಗಾಂಭೀರ್ಯದಲ್ಲಿ ಕೂತರು. ಆ ಮನುಷ್ಯನ ಮೇಲೆ ನನಗೆ ಎಷ್ಟು ಪ್ರೀತಿ ಬಂತೆಂದರೆ ಕಣ್ಣು ತುಂಬಿತು.

ನಾನು ಕಿಟಕಿಗಳನ್ನೆಲ್ಲ ಮುಚ್ಚಿ, ಟಿವಿಯಲ್ಲಿ ಕನ್ನಡದ ಯಾವುದೋ ಧಾರಾವಾಹಿ ಹಾಕಿ ಸದ್ದು ಏರಿಸಿದೆ. ಅವ್ವ ಸೆರಗು ಹೊದ್ದು ಹಾಡತೊಡಗಿದಳು. ಒಂದು ಕಡೆ ಅತ್ತೆ ಸೊಸೆಯರ ಜಗಳ, ಇನ್ನೊಂದು ಕಡೆ ನಮ್ಮ ಪ್ರವಾದಿ. ಅವ್ವನ ದನಿ ಆ ಸದ್ದಿನೊಳಗೆ ಮುಳುಗುತ್ತ ಏಳುತ್ತ ಹೋಯಿತು. ನಾನು ಚಿಕ್ಕವಳಿದ್ದಾಗ ಅಪ್ಪನ ಪಕ್ಕ ಕೂತು ಕೇಳಿದ್ದ ಅದೇ ಹಾಡು. ಒಳಗಿನಿಂದ ಏನೋ ಉಕ್ಕಿ ಬಂತು, ಆದರೆ ಕಣ್ಣು ಮುಂಬಾಗಿಲಿನ ಮೇಲೇ ಇತ್ತು. ಅವ್ವ ಮಗಳ ಕೈಗೆ ತಟ್ಟೆ ಕೊಟ್ಟಳು. ಅವಳು ಎರಡೂ ಕೈಯಿಂದ ತೆಗೆದುಕೊಂಡಳು. ಹರಕೆ ಅಲ್ಲಿಗೆ ಮುಗಿಯಿತು ಎಂದು ನಾನು ಉಸಿರು ಬಿಟ್ಟೆ.

ಮುಗಿದಿರಲಿಲ್ಲ. ಮೊದಲ ತಟ್ಟೆ ಎದುರು ಮನೆಗೆ ಹೋಗಬೇಕು ಎಂದಳು ಅವ್ವ. ಆಸ್ಪತ್ರೆಯಲ್ಲಿ ಸೂಪು ಕುಡಿಸಿದ ಕೈ ಅದು, ಅದು ಮುಟ್ಟದೆ ಈ ಮನೆಯಲ್ಲಿ ಯಾರೂ ಒಂದು ಅಗುಳೂ ತಿನ್ನುವ ಹಾಗಿಲ್ಲ. ನಾನು ಸಾಧ್ಯವೇ ಇಲ್ಲ ಎಂದೆ. ಬರೀ ಹಣ್ಣು ಕೊಡೋಣ ಎಂದೆ. ನಾಳೆ ಬೇರೆ ಸಿಹಿ ಮಾಡಿ ಕೊಡೋಣ ಎಂದೆ. ನಮ್ಮ ವಾದ ನಡೆದಿರುವಾಗಲೇ ಬಾಗಿಲ ಗಂಟೆ ಹೊಡೆಯಿತು. ನಾನು ಟಿವಿ ಆರಿಸಿ ಬಾಗಿಲು ತೆರೆದೆ. ಅವಳೇ ನಿಂತಿದ್ದಳು, ಕೈಯಲ್ಲಿ ಖರ್ಜೂರ ತುಂಬಿದ ಬಿಸ್ಕತ್ತಿನ ಡಬ್ಬಿ. ಅಜ್ಜಿ ಬಂದು ಇಷ್ಟು ದಿನವಾದರೂ ಬಂದು ಮಾತಾಡಿಸಲಿಲ್ಲ, ಮನಸ್ಸು ಸರಿ ಇರಲಿಲ್ಲ, ಕ್ಷಮಿಸಬೇಕು ಎಂದು ಇಂಗ್ಲಿಷಿನಲ್ಲಿ ಹೇಳುತ್ತಲೇ ಒಳಗೆ ಬಂದಳು. ಅವಳ ಮುಖ ಬತ್ತಿಹೋಗಿತ್ತು.

ಅವ್ವ ಎದ್ದು ಹೋಗಿ ಅವಳ ಎರಡೂ ಕೈ ಹಿಡಿದುಕೊಂಡಳು. ಸೋಫಾದ ಮೇಲೆ ಕೂರಿಸಿ, ತಟ್ಟೆ ಬಡಿಸಿ ಕೊಟ್ಟಳು. ಅವಳು ಏನಿದು ಎಂದು ಕೇಳಿದಾಗ, ಮಗು ಹುಷಾರಾದದ್ದಕ್ಕೆ ಅಜ್ಜಿ ಹೊತ್ತ ಹರಕೆ ಎಂದು ನಾನು ಅವಸರದಲ್ಲಿ ಹೇಳಿದೆ. ಅವಳು ಬಿಸ್ಮಿಲ್ಲಾ ಎಂದು ತಿಂದಳು. ತಿಂದು, ತುಂಬ ರುಚಿ ಎಂದಳು. ನಾನು ಗೋಡೆಗೆ ಒರಗಿ ನಿಂತಿದ್ದೆ. ಅವ್ವನಿಗೆ ಇಂಗ್ಲಿಷ್ ಬಾರದು, ಅವಳಿಗೆ ಕನ್ನಡ ಬಾರದು. ನನ್ನ ಮಗಳು ಇಬ್ಬರ ನಡುವೆ ಕೂತು ಅತ್ತಿತ್ತ ಮಾತು ದಾಟಿಸುತ್ತಿದ್ದಳು.

ತಂಗಿಯ ಸುದ್ದಿ ಬಂದು ಬಹಳ ದಿನವಾಯಿತು ಎಂದು ಅವಳು ಹೇಳಿದಳು. ಫೋನ್ ಹೋಗುತ್ತಿಲ್ಲ, ಡೇರೆ ಬದಲಿಸಿದ್ದಾರೋ ಏನೋ ತಿಳಿಯದು. ಮಗಳು ಅಷ್ಟನ್ನೂ ಅಜ್ಜಿಗೆ ಮುರುಕು ಕನ್ನಡದಲ್ಲಿ ಹೇಳಿದಳು. ಅವ್ವ ಕೇಳುತ್ತ ಕೇಳುತ್ತ ಅವಳ ಬೆನ್ನು ನೇವರಿಸುತ್ತಿದ್ದಳು. ಆಮೇಲೆ ಅವಳು ಕಣ್ಣೊರೆಸಿಕೊಂಡು, ಮಾತು ಬದಲಿಸಲೆಂದೇ ಇರಬೇಕು, ಖಾಲಾ, ನಿಮಗೆ ಎಷ್ಟು ಮಕ್ಕಳು, ಮಗ ಎಲ್ಲಿದ್ದಾನೆ ಎಂದು ಕೇಳಿದಳು.

ಮಗಳು ಪ್ರಶ್ನೆಯನ್ನು ಅಜ್ಜಿಗೆ ದಾಟಿಸಿದಳು. ಸುಳ್ಳು ಹೇಳುವುದಿಲ್ಲ ಎಂದು ಮೊದಲೇ ಹೇಳಿದ್ದ ಅವ್ವ, ಸುಮ್ಮನಾದರೂ ಇರುತ್ತಾಳೆ ಎಂದುಕೊಂಡೆ. ಸುಮ್ಮನೆ ಇರಲಿಲ್ಲ. ಎದುರು ಮನೆಯವಳ ಕೈ ಹಿಡಿದು, ಅವಳ ಮುಖವನ್ನೇ ನೋಡುತ್ತ, ಕನ್ನಡದಲ್ಲಿ ಹೇಳಿದಳು.

"ನನ್ನ ಮಗಾ ಅಲ್ಲೇ ಅದಾನವಾ. ಇಕಿ ತಂಗಿ ಇರೋ ಊರಿಂದ ಬಾಳ ದೂರಿಲ್ಲ. ಅಪಾಯದ ಭೋಂಗಾ ಹೊಡದ್ರ ಮಕ್ಕಳ್ನ ಎತಗೊಂಡು ತಳಮನಿಗೆ ಓಡ್ತಾನ. ಇಲ್ಲಿಗೆ ಬಂದಾಗಿಂದ ನಾ ಅವನ ದನಿ ಕೇಳಿಲ್ಲ. ಇಕಿ ಹೊಟ್ಟ್ಯಾಗಿನ ಸಂಕಟ ನನಗ ತಿಳೀತೈತಿ ಅಂತ ಹೇಳು."

ಆ ಕೋಣೆಯಲ್ಲಿ ಅದು ಅರ್ಥವಾಗದವಳು ಒಬ್ಬಳೇ. ಅವಳು ನನ್ನ ಮಗಳ ಕಡೆ ತಿರುಗಿ ಕಾಯುತ್ತಿದ್ದಳು. ನನ್ನ ಗಂಡ ತಲೆಯ ಮೇಲಿನ ಕರ್ಚೀಫನ್ನು ಮೆಲ್ಲಗೆ ಕೆಳಗೆ ಎಳೆದುಕೊಂಡರು. ಮಗಳು ಅಜ್ಜಿಯ ಮಾತು ಮುಗಿಯುವ ತನಕ ತಲೆಯಾಡಿಸುತ್ತ ಕೇಳಿದಳು. ಒಮ್ಮೆಯೂ ನನ್ನ ಕಡೆ ನೋಡಲಿಲ್ಲ.

"ಶಿ ಸೇಸ್ ಹಿ ಈಸ್ ಇನ್ ಪುಣೆ, ಆಂಟಿ. ಹಿ ಈಸ್ ಫೈನ್," ಎಂದಳು. "ಶಿ ಅಂಡರ್‌ಸ್ಟ್ಯಾಂಡ್ಸ್ ಹೌ ಯು ಫೀಲ್."

ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ, ದನಿ ತಡವರಿಸಲಿಲ್ಲ. ಬೇಕಾದದ್ದನ್ನು ಇಟ್ಟುಕೊಂಡು, ಬೇಡವಾದದ್ದನ್ನು ತೆಗೆದು, ಸಂಕಟ ತಿಳಿಯುತ್ತದೆ ಎಂಬ ಮಾತನ್ನು ಮಾತ್ರ ಹಾಗೇ ದಾಟಿಸಿದ್ದಳು. ಮೊದಲು ನನಗೆ ಕಾಲಿಗೆ ಬೀಳುವಷ್ಟು ಸಮಾಧಾನವಾಯಿತು. ಮರುಕ್ಷಣವೇ ಹೆದರಿಕೆಯಾಯಿತು. ನಾನು ಹೆತ್ತ ಹುಡುಗಿ, ಕಿವಿ ಕೂಡ ಬಿಸಿಯಾಗದೆ ಸುಳ್ಳು ಹೇಳುವುದನ್ನು ಯಾವಾಗ ಕಲಿತಳು?

ಪುಣೆ ಎಂಬ ಮಾತು ಅವ್ವನಿಗೆ ಕೇಳಿಸಿತ್ತು. ಅದಕ್ಕೆ ಯಾವ ಇಂಗ್ಲಿಷೂ ಬೇಕಾಗಿರಲಿಲ್ಲ. ಅವಳು ಮೊಮ್ಮಗಳನ್ನು ಒಂದು ಗಳಿಗೆ ನೋಡಿದಳು.

ಮಗ ಶಾಂತವಾದ ಊರಿನಲ್ಲಿದ್ದಾನಲ್ಲ, ಅಲ್ಹಮ್ದುಲಿಲ್ಲಾ, ಅದೇ ದೊಡ್ಡದು ಎಂದಳು ಎದುರು ಮನೆಯವಳು. ಹೊರಡಲು ಎದ್ದವಳು ಮತ್ತೆ ಕೂತಳು. ನೀವು ಹಿರಿಯರು, ನಿಮ್ಮ ಹರಕೆಯನ್ನು ದೇವರು ಕೇಳಿದ್ದಾನೆ, ನನ್ನ ತಂಗಿಗಾಗಿ ಒಂದು ಮಾತು ಬೇಡಿಕೊಳ್ಳಿ ಎಂದು ತಲೆ ಬಾಗಿಸಿದಳು.

ಇದನ್ನು ಮಗಳು ಸರಿಯಾಗಿಯೇ ದಾಟಿಸಿದಳು. ಅವ್ವ ತನ್ನ ಎರಡೂ ಕೈಗಳನ್ನು ಅವಳ ತಲೆಯ ಮೇಲಿಟ್ಟಳು, ಶುಕ್ರವಾರದ ಸಂಜೆ ನಮ್ಮ ತಲೆಯ ಮೇಲೆ ಇಡುತ್ತಿದ್ದ ಹಾಗೆ. ಆಗ ನನಗೆ ಹೊಳೆಯಿತು. ಆಶೀರ್ವಾದ ಮಾಡಲು ಅವ್ವನ ಹತ್ತಿರ ಇರುವುದು ಒಂದೇ ಮಾತು, ಅದನ್ನು ಅವಳು ಬೇರೆ ಯಾವ ಭಾಷೆಯಲ್ಲೂ ಕಲಿತಿಲ್ಲ. ತಲೆ ಬಾಗಿಸಿ ಕೂತವಳು ಗಾಜಾದಲ್ಲಿ ಬೆಳೆದವಳು. ಹೀಬ್ರೂವಿನ ಒಂದು ಪದ ಕಿವಿಗೆ ಬಿದ್ದರೂ ಗುರುತು ಹಿಡಿಯುತ್ತಾಳೆ. ಅವ್ವ ಬಾಯಿ ತೆರೆದಳು. ನಾನು ಕಣ್ಣು ಮುಚ್ಚಿಕೊಂಡೆ.

ಏನೂ ಕೇಳಿಸಲಿಲ್ಲ. ಕಣ್ಣು ತೆರೆದಾಗ ಅವ್ವನ ತುಟಿಗಳು ಆಡುತ್ತಿದ್ದವು, ದನಿಯಿರಲಿಲ್ಲ. ಪ್ರತಿ ಪದವೂ ತುಟಿಯ ಮೇಲೆ ನನಗೆ ಕಾಣುತ್ತಿತ್ತು. ಕೊನೆಯ ತನಕ ಹೇಳಿದಳು, ಒಂದನ್ನೂ ಬಿಡಲಿಲ್ಲ. ಕೈ ತೆಗೆದಾಗ ಎದುರು ಮನೆಯವಳು ಆಮೀನ್ ಎಂದು, ಅವ್ವನ ಹಣೆಗೆ ಮುತ್ತಿಟ್ಟು ಹೋದಳು.

ಬಾಗಿಲು ಮುಚ್ಚಿದ ಮೇಲೆ ಗಂಡ ಚಹಾ ಇಡಲು ಅಡುಗೆಮನೆಗೆ ಹೋದರು. ಅವ್ವ ನನ್ನನ್ನು ಕೇಳಿದಳು.

"ಪುಣೇದಾಗ ಅದಾನಂತ ಹೇಳು ಅಂತ ಕೂಸಿಗೆ ನೀ ಕಲಿಸಿದ್ದೇನು?"

ಇಲ್ಲ ಎಂದೆ. ಅದು ನಿಜವಾಗಿತ್ತು, ನನಗೆ ಹೆದರಿಕೆ ಆಗಿದ್ದೂ ಅದಕ್ಕೇ. ಅವ್ವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ಎದುರು ಮಾತಾಡುತ್ತಿದ್ದೆ. ಇಲ್ಲಿ ಬದುಕಿ ನೋಡು ಎನ್ನುತ್ತಿದ್ದೆ.

ಅವ್ವ ಉಸಿರು ಕಟ್ಟಿದಂತಾಗುತ್ತಿದೆ ಎಂದು ಎದ್ದು ಹೋಗಿ ಕಿಟಕಿ ತೆರೆದಳು. ಚಳಿಗಾಲದ ಗಾಳಿ ಒಳಗೆ ಬಂತು, ಕೆಳಗಿನ ರಸ್ತೆಯಲ್ಲಿ ಯಾರೋ ಅರಬಿಯಲ್ಲಿ ಕೂಗಿ ಮಾತಾಡುವುದು ಕೇಳಿಸಿತು. ಅವ್ವ ಚಾಪೆಯ ಮೇಲೆ ಕೂತು ಮೊಮ್ಮಗಳನ್ನು ಹತ್ತಿರ ಕರೆದಳು. ಇನ್ನೂ ಒಂದು ಉಳಿದಿದೆ ಎಂದಳು. ಈ ತಟ್ಟೆ ಯಾರ ಹೆಸರಿನದು, ಆ ಪ್ರವಾದಿ ಯಾರು, ನಾವು ಎಲ್ಲಿಂದ ಬಂದವರು ಎಂಬುದನ್ನು ಯಾರಿಗಾಗಿ ಹರಕೆ ಹೊತ್ತದ್ದೋ ಅವರಿಗೆ ದೊಡ್ಡವರು ಬಾಯಿಬಿಟ್ಟು ಹೇಳಬೇಕು. ನಾನು ಚಿಕ್ಕವಳಿದ್ದಾಗ ನನಗೂ ನನ್ನ ಅಜ್ಜಿ ಹೀಗೇ ಹೇಳಿದ್ದಳು. ಅವ್ವ ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಎಂದಿನ ದೊಡ್ಡ ದನಿಯಲ್ಲಿ ಶುರು ಮಾಡಿದಳು.

ಮೊದಲ ಮಾತು ಮುಗಿಯುವಷ್ಟರಲ್ಲಿ ಮಗಳು ಎದ್ದಳು. ಕಿಟಕಿಯ ಬಳಿ ಹೋಗಿ, ಕೆಳಗೆ ಒಮ್ಮೆ ಇಣುಕಿ, ಅದರ ಬಾಗಿಲು ಎಳೆದು ಚಿಲಕ ಹಾಕಿದಳು. ಪರದೆಯನ್ನೂ ಎಳೆದಳು. ತಿರುಗಿ ಬಂದು ಅಜ್ಜಿಯ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಅಜ್ಜಿಗೆ ತಿಳಿಯಲೆಂದು ಕನ್ನಡದಲ್ಲೇ ಹೇಳಿದಳು.

"ಈಗ ಹೇಳಜ್ಜಿ. ಸಣ್ಣ ದನ್ಯಾಗ."

ಅವ್ವ ಮಾತು ನಿಲ್ಲಿಸಿ ನನ್ನ ಕಡೆ ನೋಡಿದಳು. ನಾನು ಸೋಫಾದಿಂದ ಅರ್ಧ ಎದ್ದು ನಿಂತಿದ್ದೆ. ಅದೇ ಕಿಟಕಿ ಮುಚ್ಚಲೆಂದು ಎದ್ದವಳು. ಮಗಳು ನನಗಿಂತ ಮೊದಲು ತಲುಪಿದ್ದಳು.